ಏಪ್ರಿಲ್ ಬಿಸಿಲಲ್ಲಿ ಗೋಪುರದಿಂದ ಗೋಪುರಕ್ಕೆ: ನನ್ನ ಅನುಭವ

ಬೆಂಗಳೂರಿನ ಲಾಲ್‌ಬಾಗ್ ಬಂಡೆ ಮೇಲಿನ ಕೆಂಪೇಗೌಡ ಗೋಪುರದಿಂದ ಮೇಖ್ರಿ ಸರ್ಕಲ್ ಗೋಪುರದವರೆಗೆ ಏಪ್ರಿಲ್ ಕೊನೆಯಲ್ಲಿ ನಡೆದು ಮುಗಿಸಿದೆ. ಅದೂ ಹಗಲಲ್ಲೇ, ನೋಡುವುದನ್ನೆಲ್ಲ ನೋಡಿಕೊಂಡು. ಜೊತೆಗೆ ವಾಕಿಂಗ್ ಮಾಡುವ ಗೆಳೆಯರು ನಂಬಿರಲಿಲ್ಲ. "ಮಾರ್ಕೆಟ್ ಹತ್ರಾನೇ ಆಟೋ ಹತ್ತೀರಿ ಬಿಡಿ ಸಾರ್" ಅಂದಿದ್ದರು. ಹತ್ತಲಿಲ್ಲ. ಸುತ್ತಾಡಿದ್ದೂ ಸೇರಿ 12 ಕಿಲೋಮೀಟರ್ ಆಗಿರಬಹುದು.

ಹಿಂದಿನ ಬೇಸಿಗೆಗಳಲ್ಲಿ ಎಲ್ಲರೂ ಹೇಳುವಂತೆ ನಸುಕಿನಲ್ಲೇ ಹೊರಟು ನೋಡಿದ್ದೆ. ಬಿಸಿಲು ತಪ್ಪಿತು, ಊರೂ ತಪ್ಪಿತು. ಟಿಪ್ಪು ಅರಮನೆ ಬಾಗಿಲು ತೆಗೆದಿರಲಿಲ್ಲ, ಚಿಕ್ಕಪೇಟೆಯಲ್ಲಿ ಷಟರ್ ಎತ್ತಿರಲಿಲ್ಲ. ಆಮೇಲೆ ಛತ್ರಿ. ಅವೆನ್ಯೂ ರಸ್ತೆಯ ಜನಸಂದಣಿಯಲ್ಲಿ ಅದನ್ನು ಬಿಚ್ಚಲು ಜಾಗವೆಲ್ಲಿ? ನಾಲ್ಕು ಸಾವಿರದ ಶೂ ಕೊಂಡೆ, ಒಳಗೆ ಕಾಲು ಬೆಂದು ಬೊಬ್ಬೆ ಬಂತು. ಟೋಪಿ, ದುಬಾರಿ ಬಾಟಲಿ, ಅರ್ಧ ದಾರಿಯಿಂದ ಮನೆಗೆ ಆಟೋ, ಎಲ್ಲ ಸೇರಿ ಆರೇಳು ಸಾವಿರ ಹೋಯಿತು. ಈ ಸಲ ಹಳೇ ಚಪ್ಪಲಿಯಲ್ಲೇ ನಡೆದೆ.

ಕೆಲಸ ಮಾಡಿದ್ದು ನೆರಳಿನ ಲೆಕ್ಕ. ನಮ್ಮ ದಾರಿ ಹೆಚ್ಚುಕಡಿಮೆ ದಕ್ಷಿಣದಿಂದ ಉತ್ತರಕ್ಕೆ. ಬೆಳಿಗ್ಗೆ ರಸ್ತೆಯ ಪೂರ್ವದ ಫುಟ್‌ಪಾತ್ ಹಿಡಿಯಬೇಕು, ಮೂರು ಗಂಟೆ ಮೇಲೆ ಪಶ್ಚಿಮದ್ದು. ಕಟ್ಟಡದ ನೆರಳು ಬೀಳುವುದು ಅಲ್ಲೇ. ಪೇಚಾಟ ನಡುಹಗಲಿನದು. ಏಪ್ರಿಲ್ 24ರ ಆಸುಪಾಸಿನಲ್ಲಿ ಸೂರ್ಯ ಬೆಂಗಳೂರಿನ ನೆತ್ತಿಗೇ ಬರುತ್ತಾನೆ, ಶೂನ್ಯ ನೆರಳಿನ ದಿನ. ಆಗ ಗೋಡೆ ಎಷ್ಟು ಎತ್ತರವಿದ್ದರೂ ಪ್ರಯೋಜನವಿಲ್ಲ, ಮರವೇ ಬೇಕು. ಅದಕ್ಕೇ ಹನ್ನೊಂದರಿಂದ ಮೂರರವರೆಗೆ ಕಬ್ಬನ್ ಪಾರ್ಕ್ ಒಳಗೇ ಇರುವಂತೆ ಮಿಕ್ಕ ಹೊತ್ತನ್ನು ಹೊಂದಿಸಿದೆ.

ಏಳಕ್ಕೆ ಲಾಲ್‌ಬಾಗ್. ಸುಮಾರು 300 ಕೋಟಿ ವರ್ಷದ ಆ ಬಂಡೆ ಆಗಿನ್ನೂ ತಣ್ಣಗಿರುತ್ತದೆ, ಬರಿಗಾಲಲ್ಲೇ ಹತ್ತಿ. ಅಲ್ಲಿಂದ ಟಿಪ್ಪುವಿನ ಬೇಸಿಗೆ ಅರಮನೆ. 1791ರಲ್ಲಿ ಮುಗಿದ ತೇಗದ ಕಟ್ಟಡ. ಹೊರಗೆ ಬೆವರು ಸುರಿಯುವಾಗ ಒಳಗೆ ನಿಂತು ನೋಡಿ, ಯಾಕೆ ಹಾಗೆ ಕಟ್ಟಿಸಿದ ಅಂತ ಮೈಗೇ ತಿಳಿಯುತ್ತದೆ. ಪೇಟೆಯ ಗಲ್ಲಿಗಳು ಇಕ್ಕಟ್ಟು, ಹತ್ತು ಗಂಟೆಗೂ ನೆರಳು ಸಿಗುತ್ತದೆ. ನಾನು ಹಿಡಿದ ಗಲ್ಲಿ ಯಾವುದು ಅಂತ ಮಾತ್ರ ಹೇಳುವುದಿಲ್ಲ. ಅದನ್ನು ಹುಡುಕೋಕೆ ಎರಡು ಬೇಸಿಗೆ ಹಿಡಿದಿದೆ.

ಕಬ್ಬನ್ ಪಾರ್ಕಲ್ಲಿ ಸುಮ್ನೆ ಕೂರಲಿಲ್ಲ. ಬಯಲಲ್ಲಿ ನೀರಿನ ಬಾಟಲಿ ನೆಟ್ಟಗೆ ನಿಲ್ಲಿಸಿದೆ. 12.20ರ ಹೊತ್ತಿಗೆ ಅದರ ನೆರಳು ಬುಡಕ್ಕೇ ಸೇರಿಕೊಂಡಿತು. ನೋಡಿ ಮಕ್ಕಳೆಲ್ಲ ಓಡಿ ಬಂದರು! ಜೇಬಿನಲ್ಲಿದ್ದ ಥರ್ಮಾಮೀಟರ್ ಗನ್ ಟಾರಿಗೆ ಹಿಡಿದರೆ 55ರ ಹತ್ತಿರ ತೋರಿಸಿತು, ಮಳೆಮರದಡಿಯ ಮಣ್ಣಿಗೆ 33ರ ಹತ್ತಿರ. ಗುಲ್‌ಮೊಹರ್ ಕೆಂಪಗೆ ಹೂಬಿಟ್ಟು ಕರೆಯುತ್ತದೆ, ಆದರೆ ನೆರಳಿಗೆ ಅದನ್ನು ನಂಬಬೇಡಿ. ಹೊಂಗೆ ಹುಡುಕಿ. ಆ ಹೊತ್ತಿಗೆ ಹೊಸ ಎಲೆ ತುಂಬಿ ದಟ್ಟವಾಗಿರುತ್ತದೆ.

ಮೂರರ ಮೇಲೆ ಸುಲಭ. ಹೈಕೋರ್ಟ್ ಇರುವ ಅಠಾರಾ ಕಚೇರಿಯ ಕೆಂಪು, ಎದುರಿಗೆ ವಿಧಾನಸೌಧದ ಕಲ್ಲು, ಚಾಲುಕ್ಯ ಸರ್ಕಲ್, ಅರಮನೆ ರಸ್ತೆ. ಬಳ್ಳಾರಿ ರಸ್ತೆಯಲ್ಲಿ ಬಿಸಿಲಿಗಿಂತ ಹೊಗೆಯ ಕಾಟ ಜಾಸ್ತಿ. ಆರೂವರೆ ಒಳಗೆ ಮೇಖ್ರಿ ಗೋಪುರ ಮುಟ್ಟಿದೆ. ಎರಡು ಎಳನೀರು, ಮಜ್ಜಿಗೆ, ಚುರುಮುರಿ, ಟಿಕೆಟ್, ವಾಪಸ್ ಬಸ್ಸು ಎಲ್ಲ ಸೇರಿ 250 ರೂಪಾಯಿ ದಾಟಿರಲಿಕ್ಕಿಲ್ಲ. ಆಟೋ ಅಂದವರಿಗೆ ಗೋಪುರದ ಫೋಟೋ ಅಲ್ಲಿಂದಲೇ ಕಳಿಸಿದೆ.

ಇನ್ನು ಕೆಂಪೇಗೌಡರ ನಾಲ್ಕು ಗೋಪುರಗಳಲ್ಲಿ ಉಳಿದ ಎರಡು, ಹಲಸೂರು ಮತ್ತು ಕೆಂಪಾಂಬುಧಿ ಕೆರೆಯವು. ಅದು ಪೂರ್ವ–ಪಶ್ಚಿಮದ ದಾರಿ, ಈ ಫುಟ್‌ಪಾತ್ ಲೆಕ್ಕ ಅಲ್ಲಿ ನಡೆಯೋದಿಲ್ಲ. ಬೆಳಿಗ್ಗೆ ಹಲಸೂರಿನಿಂದ ಹೊರಟರೆ ಬಿಸಿಲು ಬೆನ್ನಿಗಿರುತ್ತದೆ, ಮಧ್ಯಾಹ್ನಕ್ಕೆ ಮತ್ತೆ ಕಬ್ಬನ್ ಪಾರ್ಕೇ. ಅದರಾಚೆ ಸಂಜೆ ಬಿಸಿಲು ಮುಖಕ್ಕೇ ಹೊಡೆಯುತ್ತದೆ, ಅಲ್ವಾ? ಅದಕ್ಕೆ ಒಂದು ಉಪಾಯ ಹೊಳೆದಿದೆ. ಮೇ ತಿಂಗಳಲ್ಲಿ ನಡೆದು ನೋಡಿದ ಮೇಲೆ ಬರೆಯುತ್ತೇನೆ.