ಕುಕಿಂಗ್ ರೇಂಜ್ ತಳ್ಳುವ ಮುನ್ನ ಹಿಂದಿನ ಗೋಡೆ ಮುಗಿಸಿ

ಕುಂಬಳೆ, ಉಪ್ಪಳ ಕಡೆ ಹಳೆ ಅಡುಗೆಕೋಣೆ ಹೊಸತು ಮಾಡಿಸುವಾಗ ಹಲವರು ಓವನ್ ಸಮೇತದ ಕುಕಿಂಗ್ ರೇಂಜ್ ಇಡಿಸುತ್ತಾರೆ. ಗಲ್ಫಿನಿಂದ ಮನೆಸಾಮಾನಿನ ಜೊತೆ ಬಂದದ್ದೂ ಉಂಟು. ಎರಡು ಗ್ರಾನೈಟ್ ಕಟ್ಟೆಗಳ ನಡುವೆ ಅದನ್ನು ತಳ್ಳಿ ಕೂರಿಸಲು ಹತ್ತು ನಿಮಿಷ ಸಾಕು. ಆದರೆ ಒಮ್ಮೆ ಒಳಗೆ ಹೋದರೆ ಅದರ ಹಿಂದೆ ಕೈ ತೂರದು. ಗ್ಯಾಸು, ಕರೆಂಟು, ಗೋಡೆ ಮೂರೂ ಅದಕ್ಕೆ ಮೊದಲೇ ಮುಗಿದಿರಬೇಕು.

ಕಟ್ಟೆ ಕೊಯ್ಯುವುದರಿಂದ ಶುರು. ಹಳೆ ಮನೆಗಳಲ್ಲಿ ಗ್ರಾನೈಟಿನ ಅಡಿಯಲ್ಲಿ ಕಾಂಕ್ರೀಟ್ ಹಲಗೆ ಇರುತ್ತದೆ. ನಡುವೆ ತುಂಡು ತೆಗೆದರೆ ಉಳಿದ ತುದಿಗೆ ಆಧಾರವಿರುವುದಿಲ್ಲ. ಎರಡೂ ಕಡೆ ಕಂಗಿನ ಕಂಬ ಊರಿ, ಕೊಯ್ದು, ಆ ತುದಿಗಳಡಿಗೆ ಗೋಡೆ ಕಟ್ಟಿಸಿ. ಗೋಡೆ ಗಟ್ಟಿಯಾಗುವವರೆಗೆ ಕಂಬ ತೆಗೆಯಬೇಡಿ. 60 ಸೆಂ.ಮೀ. ಅಗಲದ ರೇಂಜಿಗೆ ಸಾಮಾನ್ಯವಾಗಿ 61 ಸೆಂ.ಮೀ. ಜಾಗ ಬೇಕು, ನಿಮ್ಮ ಮಾದರಿಯ ಪುಸ್ತಕದಲ್ಲಿ ಬೇರೆ ಅಳತೆ ಕೊಟ್ಟಿದ್ದರೆ ಅದೇ ಅಂತಿಮ. ಮುಂದೆ, ಹಿಂದೆ, ನೆಲದ ಹತ್ತಿರ, ಕಟ್ಟೆಯ ಮಟ್ಟದಲ್ಲಿ ಹೀಗೆ ನಾಲ್ಕು ಕಡೆ ಅಳೆದು, ಎಲ್ಲಕ್ಕಿಂತ ಕಡಿಮೆ ಬಂದದ್ದನ್ನು ಲೆಕ್ಕಕ್ಕೆ ಹಿಡಿಯಿರಿ. ಗಾರೆ ಎಲ್ಲೋ ಒಂದು ಕಡೆ ಉಬ್ಬಿದ್ದು ಗೊತ್ತಾಗುವುದು ರೇಂಜ್ ಅರ್ಧ ಒಳಹೋಗಿ ಸಿಕ್ಕಿಕೊಂಡಾಗಲೇ.

ಗಲ್ಫಿನ ರೇಂಜಾದರೆ ಮೊದಲು ಹಿಂಬದಿಯ ತಗಡಿನ ಚೀಟಿ ಓದಿ. ಜಿ 20 ಎಂದಿದ್ದರೆ ಅದು ನೈಸರ್ಗಿಕ ಅನಿಲಕ್ಕೆ ಹೊಂದಿಸಿದ್ದು. ನಮ್ಮ ಸಿಲಿಂಡರಿಗೆ ಜಿ 30 ಎಂದು, ಸುಮಾರು 30 ಮಿಲಿಬಾರ್ ಒತ್ತಡದ್ದಿರಬೇಕು. ಕೊಚ್ಚಿ-ಮಂಗಳೂರು ಅನಿಲ ಕೊಳವೆ 2021ರ ಜನವರಿಯಲ್ಲಿ ಉದ್ಘಾಟನೆಯಾಗಿ ಕಾಸರಗೋಡು ಜಿಲ್ಲೆಯನ್ನು ಹಾದುಹೋಗಿದ್ದರೂ ನಿಮ್ಮ ಮನೆಯಲ್ಲಿರುವುದು ಸಿಲಿಂಡರ್ ತಾನೇ? ಹಾಗಾದರೆ ಜೆಟ್ ಬದಲಿಸಲೇಬೇಕು. ಬರ್ನರಿನೊಳಗಿನ ಹಿತ್ತಾಳೆಯ ಈ ಪುಟ್ಟ ತಿರುಪಿನ ತಲೆಯ ಮೇಲೆ ತೂತಿನ ಅಳತೆ ಕೊರೆದಿರುತ್ತದೆ. 85 ಎಂದರೆ 0.85 ಮಿ.ಮೀ. ನೈಸರ್ಗಿಕ ಅನಿಲದ ಜೆಟ್ಟಿನ ತೂತು ದೊಡ್ಡದು. ಅದರಲ್ಲೇ ಎಲ್‌ಪಿಜಿ ಉರಿಸಿದರೆ ಹಳದಿ ಜ್ವಾಲೆ ಎತ್ತರಕ್ಕೆದ್ದು ಪಾತ್ರೆಯ ತಳಕ್ಕೆ ಮಸಿ ಹಿಡಿಯುತ್ತದೆ, ಕೋಣೆಯಲ್ಲಿ ವಿಷಾನಿಲವೂ ತುಂಬುತ್ತದೆ. ಬದಲಿ ಜೆಟ್‌ಗಳು ಹಲವು ಮಾದರಿಗಳಲ್ಲಿ ಪುಸ್ತಕದ ಜೊತೆ ಸಣ್ಣ ಪೊಟ್ಟಣದಲ್ಲೇ ಬರುತ್ತವೆ. ಜೆಟ್ ಬದಲಿಸಿದ ಮೇಲೆ ಸಣ್ಣ ಉರಿಯ ತಿರುಪನ್ನೂ ಹೊಂದಿಸಬೇಕು. ಈ ಕೆಲಸ ಗ್ಯಾಸ್ ಏಜೆನ್ಸಿಯ ಮೆಕ್ಯಾನಿಕ್‌ದು.

ಸಿಲಿಂಡರನ್ನು ಓವನ್ ಪಕ್ಕದ ಕಪಾಟಿನಲ್ಲಿ ಮುಚ್ಚಿಡಬಾರದು. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದ್ದು ನೆಲದಲ್ಲೇ ನಿಲ್ಲುತ್ತದೆ. ಹಾಗಾಗಿ ಸಿಲಿಂಡರ್ ಇರುವಲ್ಲಿ ಗಾಳಿಕಿಂಡಿ ಬುಡದಲ್ಲಿರಬೇಕು. ಹೊರಗಿನಿಂದ ತಾಮ್ರದ ಕೊಳವೆ ತಂದು, ಪಕ್ಕದ ಕಪಾಟಿನಲ್ಲಿ ಕೈಗೆಟಕುವಂತೆ ವಾಲ್ವ್ ಕೊಡಿಸಿ. ಅಲ್ಲಿಂದ ರೇಂಜಿಗೆ ಐಎಸ್ಐ ಗುರುತಿನ ಸುರಕ್ಷಾ ಹೋಸ್, ಉದ್ದ ಒಂದೂವರೆ ಮೀಟರ್ ಮೀರದಂತೆ. ಅದು ಓವನ್ನಿನ ಬೆನ್ನಿಗೆ ತಾಗಬಾರದು, ಗೋಡೆಯೊಳಗಿಂದ ಹಾಯಬಾರದು, ಐದು ವರ್ಷಕ್ಕೊಮ್ಮೆ ಬದಲಾಗಬೇಕು.

ಕರೆಂಟಿನದು ಸುಲಭ. ಎರಡೂವರೆ ಕಿಲೋವಾಟಿನ ಓವನ್ ಸುಮಾರು 11 ಆಂಪಿಯರ್ ಎಳೆಯುತ್ತದೆ. ಪ್ರತ್ಯೇಕ ಎಂಸಿಬಿಯಿಂದ (ಹೊರೆ ಮೀರಿದರೆ ತಾನೇ ಬೀಳುವ ಸ್ವಿಚ್) 2.5 ಚದರ ಮಿ.ಮೀ. ತಾಮ್ರದ ತಂತಿ, ಅರ್ಥಿಂಗ್, 16 ಆಂಪಿಯರ್ ಸಾಕೆಟ್ ಬೇಕು. ಚೌಕ ಪಿನ್ನಿನ ಗಲ್ಫ್ ಪ್ಲಗ್ಗಿಗೆ ಅಡಾಪ್ಟರ್ ಸಿಕ್ಕಿಸದೆ ಪ್ಲಗ್ಗನ್ನೇ ಬದಲಿಸಿ. ಸಾಕೆಟ್ ಓವನ್ನಿನ ಹಿಂದೆ ಬೇಡ, ಪಕ್ಕದ ಕಪಾಟಿನಲ್ಲಿರಲಿ.

ಮಗುಚದಂತೆ ತಡೆಯುವ ಬ್ರಾಕೆಟ್ಟನ್ನು ಹೆಚ್ಚಿನವರು ಡಬ್ಬದಲ್ಲೇ ಬಿಟ್ಟುಬಿಡುತ್ತಾರೆ. ತೆರೆದ ಓವನ್ ಬಾಗಿಲ ಮೇಲೆ ಮಗು ಕಾಲಿಟ್ಟರೆ ರೇಂಜ್ ಮುಂದಕ್ಕೆ ಬಾಗುತ್ತದೆ, ಮೇಲಿನ ಸಾಂಬಾರಿನ ಪಾತ್ರೆಯ ಸಮೇತ. ಬ್ರಾಕೆಟ್ಟನ್ನು ಗೋಡೆಗೆ ಬಿಗಿಯುವಲ್ಲಿಯೂ ಒಂದು ತೊಡಕುಂಟು. ಇಲ್ಲಿನ ಗೋಡೆಯ ಮುರಕಲ್ಲು ಮೆತ್ತಗೆ, ತೂತುತೂತು. ಹ್ಯಾಮರ್ ಡ್ರಿಲ್ ಓಡಿಸಿದರೆ ರಂಧ್ರ ಕೊರೆದಷ್ಟೂ ಅಗಲವಾಗಿ, ತಿರುಪು ಕೂರಿಸುವ ಸಾಧಾರಣ ಪ್ಲಾಸ್ಟಿಕ್ ಪ್ಲಗ್ ಬೆರಳಲ್ಲಿ ಎಳೆದರೂ ಬರುತ್ತದೆ. ಹ್ಯಾಮರ್ ಬಂದ್ ಮಾಡಿ ಬರಿದೇ ತಿರುಗಿಸಿ ಕೊರೆಯಿರಿ, ಧೂಳು ಊದಿ ತೆಗೆಯಿರಿ, ಎಪಾಕ್ಸಿ ಅಂಟು ತುಂಬಿ ಉದ್ದದ ಸ್ಟೀಲ್ ಬೋಲ್ಟ್ ಕೂರಿಸಿ, ಪೂರ್ತಿ ಗಟ್ಟಿಯಾದ ಮೇಲಷ್ಟೇ ಬಿಗಿಯಿರಿ. ಕಡಲ ಬದಿಯವರು ಬೋಲ್ಟನ್ನು ಸ್ಟೇನ್‌ಲೆಸ್ ಸ್ಟೀಲಿನದೇ ತೆಗೆದುಕೊಳ್ಳಿ.

ಇನ್ನು ಮಟ್ಟ. ಹಳೆ ಕಾವಿ ನೆಲಕ್ಕೆ ನೀರು ಹರಿಯಲೆಂದು ಇಳಿಜಾರು ಕೊಟ್ಟಿರುತ್ತಾರೆ, ರೇಂಜಿನ ನಾಲ್ಕು ಕಾಲನ್ನೂ ತಿರುಗಿಸಿ ಸರಿಪಡಿಸಬೇಕು. ಸ್ಪಿರಿಟ್ ಲೆವೆಲ್ಲನ್ನು ಓವನ್ನಿನ ಜಾಲರಿಯ ಮೇಲೆ ಅಡ್ಡಕ್ಕೂ ಉದ್ದಕ್ಕೂ ಇಟ್ಟು ನೋಡಿ. ಬದಿಗಳಲ್ಲಿ ರೆಕ್ಕೆಯಂಚು ಇರುವ ಸ್ಲೈಡ್-ಇನ್ ಮಾದರಿಯಾದರೆ ಆ ಅಂಚು ಗ್ರಾನೈಟಿಗಿಂತ ಕೂದಲೆಳೆಯಷ್ಟು ಮೇಲಿರಲಿ, ಭಾರ ಕಾಲುಗಳ ಮೇಲೆಯೇ ಇರಬೇಕು. ಭಾರ ಅಂಚಿಗೆ ಬಿದ್ದರೆ ಗಾಜು ಬಿರಿಯಬಹುದು. ರೇಂಜ್ ತಗ್ಗಾಗಿ ಕಂಡರೆ ಕಾಲಡಿಗೆ ಟೈಲ್ ಚೂರು ತುರುಕಬೇಡಿ, ಇಡೀ ಅಗಲಕ್ಕೆ ಗಟ್ಟಿ ಪೀಠ ಮಾಡಿಸಿ. ಕಾಲಡಿಯಲ್ಲಿ ರಟ್ಟು ಹಾಸಿ ತಳ್ಳಿದರೆ ನೆಲಕ್ಕೆ ಗೀರಿಲ್ಲ. ಹೋಸ್ ಮಡಚದಂತೆ ಒಬ್ಬರು ಪಕ್ಕದ ಕಪಾಟಿನಿಂದ ಹಿಡಿದಿರಲಿ. ಕೂತ ಮೇಲೆ ಮೇಲಂಚು ಹಿಡಿದು ಮೆಲ್ಲಗೆ ಮುಂದಕ್ಕೆಳೆದರೆ ಬ್ರಾಕೆಟ್ ಕಚ್ಚಿದ್ದು ಕೈಗೆ ತಿಳಿಯುತ್ತದೆ.

ರೆಕ್ಕೆಯಂಚಿಲ್ಲದ ಮಾದರಿಯಲ್ಲಿ ಬದಿಯ ಸಂದು ಹಾಗೇ ಉಳಿಯುತ್ತದೆ. ಕುಚ್ಚಲಕ್ಕಿ ಗಂಜಿ ಒಮ್ಮೆ ಉಕ್ಕಿದರೆ ಸಾಕು, ತಿಳಿ ಅದರೊಳಗಿಳಿದು ಹುಳಿವಾಸನೆ, ಮತ್ತೆ ಜಿರಳೆ. ಸಾಮಾನ್ಯ ಸಿಲಿಕೋನ್ ಮೆತ್ತಿದರೆ ಓವನ್ ಬಿಸಿಗೆ ಸುಲಿಯುತ್ತದೆ, ರಿಪೇರಿಗೆ ರೇಂಜ್ ಹೊರಗೂ ಬಾರದು. ಶಾಖ ತಡೆಯುವ ಟಿ ಆಕಾರದ ಪಟ್ಟಿ ಸಿಗುತ್ತದೆ, ತೆಗೆದು ತೊಳೆಯಬಹುದು.

ವಾಲ್ವ್ ತೆರೆದು ಪ್ರತಿ ಜೋಡಣೆಗೂ ಸೋಪಿನ ನೊರೆ ಹಚ್ಚಿ. ಹಿಂಬದಿಯ ಜೋಡಣೆಗೆ ಈ ಪರೀಕ್ಷೆ ರೇಂಜ್ ತಳ್ಳುವ ಮೊದಲೂ ಆಗಿರಬೇಕು. ಗುಳ್ಳೆ ಎದ್ದರೆ ಸೋರಿಕೆ, ಬೆಂಕಿಕಡ್ಡಿ ಗೀರಿ ನೋಡುವ ಧೈರ್ಯ ಬೇಡ. ಸೋರಿಕೆಯ ತುರ್ತು ಕರೆಗೆ 1906. ಬರ್ನರ್ ಹೊತ್ತಿದ ಮೇಲೆ ಗುಬುಟನ್ನು ಹತ್ತು ಸೆಕೆಂಡ್ ಒತ್ತಿ ಹಿಡಿಯಬೇಕಾದೀತು. ಪಕ್ಕದ ಸಣ್ಣ ಸೂಜಿಯಂಥ ಥರ್ಮೋಕಪಲ್ ಬಿಸಿಯಾಗುವ ಮೊದಲೇ ಕೈಬಿಟ್ಟರೆ ಅನಿಲ ಬಂದ್ ಆಗುತ್ತದೆ. ಖಾಲಿ ಓವನ್ನನ್ನು ಕಿಟಕಿ ತೆರೆದಿಟ್ಟು ಅರ್ಧ ಗಂಟೆ ಜೋರಾಗಿ ಕಾಯಿಸಿ, ಕಾರ್ಖಾನೆಯ ಎಣ್ಣೆ ಹೊಗೆಯಾಗಿ ಹೋಗಲಿ.

ವರ್ಷದಲ್ಲಿ ಎಂಟು ತಿಂಗಳು ಬೀಗ ಹಾಕಿರುವ ಮನೆಗಳಲ್ಲಿ ಜೇಡವೂ ಮಣ್ಣಿನ ಗೂಡು ಕಟ್ಟುವ ಕಣಜವೂ ಬರ್ನರಿನ ಕೊಳವೆಯೊಳಗೆ ಸೇರಿಕೊಳ್ಳುತ್ತವೆ. ಆಗ ಉರಿ ಒಳಗೇ ಹಿಂದಕ್ಕೆ ಹೊತ್ತಿಕೊಂಡು ಬುಸ್ಸೆನ್ನುತ್ತದೆ. ಊರಿಗೆ ಬಂದ ದಿನ ಚಹಾಕ್ಕೆ ನೀರಿಡುವ ಮುನ್ನ ಬರ್ನರಿನ ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ನೋಡಿ, ಹೋಸನ್ನು ಇಲಿ ಕಡಿದಿದೆಯೇ ಎಂಬುದನ್ನೂ.