ಚಾರಿತ್ರಿಕ ಕಾದಂಬರಿ ಹಿಡಿದರೆ ಮೊದಲು ಚಕ್ಕುಬಂದಿ ನೋಡಿ

ಕ್ರಯಪತ್ರವನ್ನು ಮೊದಲ ಸಾಲಿನಿಂದ ಓದುವವರು ಕಸುಬಿಗೆ ಹೊಸಬರು. ಹಳಬರ ಕೈ ನೇರ ಕೊನೆಯ ಹಾಳೆಗೆ ಹೋಗುತ್ತದೆ. ಸರ್ವೆ ನಂಬ್ರ, ಎಕ್ರೆ, ಸೆಂಟ್ಸು, ನಾಲ್ಕು ದಿಕ್ಕಿನ ಗಡಿ ಹೇಳುವ ಚಕ್ಕುಬಂದಿ ಎಲ್ಲ ಇರುವುದು ಅಲ್ಲಿ. ಜಾಗ ಎಲ್ಲಿ, ಹಕ್ಕು ಯಾರ ಕಡೆಯಿಂದ ಬಂದದ್ದು ಎಂದು ತಿಳಿದ ಮೇಲೆ, ಮೊದಲ ಪುಟದ ‘ಸ್ವಸಂತೋಷದಿಂದ ಬರೆದುಕೊಟ್ಟ’ ಎಂಬ ಮಾತಿಗೆ ಎಷ್ಟು ಬೆಲೆ ಕೊಡಬಹುದೆಂದು ಗೊತ್ತಾಗುತ್ತದೆ. ಮಂಗಳೂರಿನಲ್ಲಿ ದಸ್ತಾವೇಜು ಬರೆದು ಹೊಟ್ಟೆ ಹೊರೆದವ ನಾನು. ಚಾರಿತ್ರಿಕ ಕಾದಂಬರಿಯ ಹುಚ್ಚೂ ಅಷ್ಟೇ ಹಳೆಯದು, ಅದರಲ್ಲೂ ಪ್ರೇಮ, ರಹಸ್ಯ, ಸಾಹಸ ಮೂರೂ ಸೇರಿದ ದಪ್ಪ ಪುಸ್ತಕಗಳೆಂದರೆ ಊಟ ಬೇಡ. ಅವನ್ನು ಓದುವುದಕ್ಕೆ ನನ್ನದೇ ಒಂದು ಕ್ರಮ ಉಂಟು.

ಕ್ರಮದ ಹಿಂದಿರುವ ನಂಬಿಕೆ ಇಷ್ಟೇ. ಇಂಥ ಕಾದಂಬರಿಯಲ್ಲಿ ಪ್ರೇಮವನ್ನು ಆ ಕಾಲದ ಸೊತ್ತಿನ ಕಟ್ಟಳೆಯಿಂದ ಅಳೆಯಬೇಕು. ರಹಸ್ಯವನ್ನು ದಾಖಲೆ ಎಲ್ಲಿ ಬಾಯಿ ಮುಚ್ಚಿದೆ ಎಂಬುದರಿಂದ. ಸಾಹಸವನ್ನು ಮಳೆ, ಹೊಳೆ, ಘಟ್ಟದಿಂದ. ಮೂರಕ್ಕೂ ಒಂದೇ ಅಳತೆಗೋಲು ಹಿಡಿದರೆ ಓದು ಕೆಡುತ್ತದೆ.

ಪುಸ್ತಕ ಕೈಗೆ ಬಂದ ಕೂಡಲೇ ಒಂದು ಚೀಟಿಯಲ್ಲಿ ಇಸವಿ, ತಿಂಗಳು, ಊರು, ಆ ಊರಿನ ದಣಿ ಯಾರು ಎಂದು ಬರೆದು ಪುಟದ ನಡುವೆ ಇಡಿ. ನಕಾಶೆ, ವಂಶಾವಳಿ ಇದ್ದರೆ ಮೊದಲೇ ನೋಡಿಕೊಳ್ಳಿ. ಲೇಖಕರ ಅರಿಕೆ ಕೊನೆಯಲ್ಲಿದ್ದರೆ ಮಾತ್ರ ಮುಟ್ಟಬೇಡಿ. ಯಾವ ಪಾತ್ರ ನಿಜ, ಯಾವುದು ಕಟ್ಟಿದ್ದು ಎಂದು ಅಲ್ಲಿ ಬಿಚ್ಚಿಟ್ಟಿರುತ್ತಾರೆ, ರಹಸ್ಯ ಅಲ್ಲಿಗೇ ಮುಗಿಯಿತು. ದಸ್ತಾವೇಜಿಗೂ ಕಾದಂಬರಿಗೂ ಅಷ್ಟು ವ್ಯತ್ಯಾಸ ಉಂಟಲ್ಲವೇ?

ದಣಿ ಯಾರು ಎಂಬ ಸಾಲನ್ನು ಬಿಡಬಾರದು. ಕಥೆ ಮಂಗಳೂರಿನಲ್ಲಿ 1762ರಲ್ಲಿ ನಡೆದರೆ ಕೆಳದಿಯವರ ಆಳ್ವಿಕೆ. 1764ರಲ್ಲಾದರೆ ಹೈದರಾಲಿಯದ್ದು, ಯಾಕೆಂದರೆ 1763ರಲ್ಲಿ ಕೆಳದಿಯವರ ರಾಜಧಾನಿ ಬಿದನೂರು ಅವನ ಕೈಸೇರಿತು. 1800ರಲ್ಲಾದರೆ ಕಂಪೆನಿ ಸರಕಾರ. ಇಪ್ಪತ್ತರ ಪ್ರಾಯದಲ್ಲಿ ಕೆಳದಿಯ ಸೈನಿಕನಾಗಿದ್ದವನು ಅರುವತ್ತು ತುಂಬುವ ಮೊದಲು ಮೂರು ಸರಕಾರಗಳಿಗೆ ಕಂದಾಯ ಕಟ್ಟಿರುತ್ತಾನೆ. ಅವನ ನಿಷ್ಠೆ ಯಾರಿಗೆ ಎಂಬ ಪ್ರಶ್ನೆಯನ್ನು ಕಾದಂಬರಿಕಾರ ಒಮ್ಮೆಯೂ ಎತ್ತದಿದ್ದರೆ ನನಗೆ ಅಲ್ಲೇ ಸಂಶಯ ಶುರು.

ಇಸವಿಯ ಬದಲು ಸಂವತ್ಸರದ ಹೆಸರು ಕೊಟ್ಟಿದ್ದರೆ ಇನ್ನೂ ಜಾಗ್ರತೆ. ಅರುವತ್ತು ವರ್ಷಕ್ಕೊಮ್ಮೆ ಅದೇ ಹೆಸರು ತಿರುಗಿ ಬರುತ್ತದೆ. 1784ರ ಯುಗಾದಿಗೆ ಬಂದದ್ದು ಕ್ರೋಧಿ, 1844ಕ್ಕೂ ಕ್ರೋಧಿಯೇ. ಮೊದಲನೆಯದು ಟಿಪ್ಪುವಿನ ಕಾಲ, ಎರಡನೆಯದು ಕಂಪೆನಿಯ ಕಾಲ. ಶಕವರ್ಷ ಬರೆಯದೆ ‘ಕ್ರೋಧಿ ಸಂವತ್ಸರದ ಪುಷ್ಯ ಮಾಸ’ ಎಂದಷ್ಟೇ ಇರುವ ಓಲೆಯೊಂದು ಕಥೆಯಲ್ಲಿ ಸಿಕ್ಕಿದರೆ, ಅದು ಅಜ್ಜನದ್ದೋ ಮೊಮ್ಮಗನದ್ದೋ ಎಂಬುದರ ಮೇಲೆ ಇಡೀ ರಹಸ್ಯ ನಿಲ್ಲಬಹುದು. ಶಕವರ್ಷವೂ ಕೊಟ್ಟಿದ್ದರೆ 78 ಕೂಡಿಸಿ, ನಮ್ಮ ಇಸವಿ ಸಿಗುತ್ತದೆ. ವರ್ಷದ ಕೊನೆಯ ತಿಂಗಳುಗಳಾದರೆ ಒಂದು ಹೆಚ್ಚು ಕೂಡಿಸಬೇಕಾಗುತ್ತದೆ.

ಇನ್ನು ಪ್ರೇಮ. ಕರಾವಳಿಯ ಕಥೆಗಳಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ. ನನ್ನ ತಂಗಿಯ ಮಗಳು ಒಮ್ಮೆ ಪುಸ್ತಕವೊಂದನ್ನು ಎದೆಗೊತ್ತಿಕೊಂಡು ಬಂದು, “ಮಾವ, ಅವಳಿಗೋಸ್ಕರ ರಾಜಕುಮಾರ ರಾಜ್ಯವನ್ನೇ ಬಿಟ್ಟ!” ಎಂದಳು.

“ಯಾವ ಮನೆತನ?”

“ಜೈನರು. ಬಂಗರ ಕಡೆ.”

“ಹಾಗಾದರೆ ರಾಜ್ಯ ಅವನಿಗೆ ಬರುವುದೇ ಇಲ್ಲ ಮಗಾ. ಅದು ಅವನ ಸೋದರತ್ತೆಯ ಮಗನಿಗೆ. ತನ್ನದಲ್ಲದ್ದನ್ನು ಬಿಡುವುದು ಎಂತ ತ್ಯಾಗ?”

ಅವಳಿಗೆ ಸಿಟ್ಟು ಬಂತು. ಆದರೆ ಲೆಕ್ಕ ಸರಿ. ತುಳುನಾಡಿನ ಜೈನ ಅರಸರಲ್ಲಿ, ಬಂಟರಲ್ಲಿ, ಬಿಲ್ಲವರಲ್ಲಿ ನಡೆದದ್ದು ಅಳಿಯಸಂತಾನ. ಸೊತ್ತು ಹೆಣ್ಣಿನ ಸಂತತಿಯಲ್ಲಿ ಇಳಿಯುತ್ತದೆ, ಯಜಮಾನಿಕೆ ಸೋದರಮಾವನಿಂದ ಸೋದರಳಿಯನಿಗೆ. ಕಾನೂನಿನ ಪುಸ್ತಕದಲ್ಲಿ ಇದಕ್ಕೆ 1949ರ ಮದ್ರಾಸ್ ಅಳಿಯಸಂತಾನ ಕಾಯಿದೆ, ಆಮೇಲೆ 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಬಂತು. ಅಂದರೆ 1930ರಲ್ಲಿ ನಡೆಯುವ ಕಥೆಗೂ ಹಳೆಯ ಕಟ್ಟು ಅನ್ವಯಿಸುತ್ತದೆ. ಹಾಗಿರುವಾಗ ‘ಮಗನಿಗೆ ಪಟ್ಟ ತಪ್ಪಿಸಲು ಚಿಕ್ಕಪ್ಪ ಹೂಡಿದ ಸಂಚು’ ಎಂಬ ಎಲ್ಲೆಲ್ಲೂ ಓಡುವ ಕಥಾಸೂತ್ರ ಇಲ್ಲಿ ಓಡುವುದಿಲ್ಲ. ಇಲ್ಲಿ ಸಂಚು ಹೂಡಬೇಕಾದವನು ಬೇರೆ, ಹೆದರಬೇಕಾದವನೂ ಬೇರೆ. ಇದನ್ನು ಬಲ್ಲ ಲೇಖಕನಿಗೆ ಎಷ್ಟೊಂದು ಹೊಸ ದಾರಿ! ತಂದೆಗೆ ಮಗನ ಮೇಲೆ ಪ್ರೀತಿ ಉಂಟು, ಕೊಡಲಿಕ್ಕೆ ಏನೂ ಇಲ್ಲ. ಮಾವನಿಗೆ ಅಳಿಯನ ಮೇಲೆ ಪ್ರೀತಿ ಇಲ್ಲ, ಎಲ್ಲವನ್ನೂ ಕೊಡಲೇಬೇಕು. ಬ್ರಾಹ್ಮಣರ ಮನೆ, ಕ್ರೈಸ್ತರ ಮನೆ ಕಥೆಯೊಳಗೆ ಬಂದರೆ ಲೆಕ್ಕ ಪುನಃ ಬದಲಾಗುತ್ತದೆ, ಅವರಲ್ಲಿ ಅಳಿಯಸಂತಾನ ಇಲ್ಲ.

ಉಳ್ಳಾಲದ ಅಬ್ಬಕ್ಕನ ಕಥೆಯನ್ನೇ ತೆಗೆದುಕೊಳ್ಳಿ. ಸೋದರಮಾವ ತಿರುಮಲರಾಯ ಸೋದರಸೊಸೆಗೆ ಪಟ್ಟ ಕಟ್ಟಿದ, ಹೊಳೆಯಾಚೆಯ ಮಂಗಳೂರಿನ ಬಂಗರಸನೊಡನೆ ಮದುವೆಯಾಯಿತು, ವಿರಸ ಬಂದಾಗ ಆಕೆ ಒಡವೆ ಹಿಂದಿರುಗಿಸಿ ಸಂಬಂಧ ಕಡಿದಳು ಎಂಬುದು ರೂಢಿಯ ಕಥೆ. ಗಂಡನನ್ನು ಬಿಟ್ಟು ತವರಿಗೆ ಅಳುತ್ತಾ ಮರಳಿದ ಹೆಣ್ಣಾಗಿ ಆಕೆಯನ್ನು ಚಿತ್ರಿಸಿದ ಪುಟ ಬಂದರೆ ನಾನು ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತೇನೆ. ಮರಳುವುದೆಲ್ಲಿಂದ ಬಂತು? ಪಟ್ಟ, ಮನೆ, ಭೂಮಿ ಆಕೆಯದ್ದೇ. ಆ ವಿರಸದಲ್ಲಿ ನೆಲೆ ತಪ್ಪಿದ್ದು ಬಂಗರಸನಿಗೆ, ಕಾದಂಬರಿಯ ಬಿಸಿ ಇರಬೇಕಾದದ್ದು ಆ ಕಡೆ.

ಮದುವೆಯ ತಿಂಗಳನ್ನೂ ನೋಡಿ. ಆಟಿಯಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ತುಳುನಾಡಿನಲ್ಲಿ ಮದುವೆಯಿಲ್ಲ. ಹೊಸ ಮದುಮಗಳು ತಾಯಿಮನೆಯಲ್ಲಿರುವ ತಿಂಗಳು ಅದು. ವಿರಹದ ಅಧ್ಯಾಯ ಬರೆಯಲು ಇದಕ್ಕಿಂತ ಒಳ್ಳೆಯ ಅವಕಾಶ ಬೇಕೇ?

ರಹಸ್ಯದ ಭಾಗಕ್ಕೆ ಬಂದಾಗ ಓದಿನ ವೇಗ ಕಡಿಮೆ ಮಾಡಿ. ಒಳ್ಳೆಯ ಲೇಖಕ ತನ್ನ ಗುಟ್ಟನ್ನು ದಾಖಲೆಯಲ್ಲಿ ನಿಜವಾಗಿ ಬಿರುಕಿರುವ ಕಡೆಯೇ ಇಡುತ್ತಾನೆ. ಪೋರ್ಚುಗೀಸರೊಡನೆ ಉಳ್ಳಾಲದ ಕಾದಾಟ ಶುರುವಾದದ್ದು 1550ರ ದಶಕದಲ್ಲಿ. ಇಟೆಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಉಳ್ಳಾಲದ ರಾಣಿಯನ್ನು ಕಣ್ಣಾರೆ ಕಂಡದ್ದು 1623ರಲ್ಲಿ. ಬರಿಗಾಲಿನಲ್ಲಿ ನಡೆಯುತ್ತ ನೀರಿನ ಕಾಲುವೆಯ ಕೆಲಸ ನೋಡಿಕೊಳ್ಳುತ್ತಿದ್ದಳಂತೆ. ನಡುವೆ ಸುಮಾರು ಎಪ್ಪತ್ತು ವರ್ಷ. ಒಬ್ಬಳೇ ಅಬ್ಬಕ್ಕನೋ, ತಾಯಿ ಮಗಳು ಮೊಮ್ಮಗಳೋ ಎಂಬ ವಾದ ಹುಟ್ಟಿದ್ದು ಈ ಅಂತರದಿಂದ. ಈ ಬಿರುಕಿಗೆ ಕೈ ಹಾಕಿ, ಸತ್ತ ರಾಣಿಯ ಹೆಸರನ್ನು ಹೊತ್ತು ನಡೆದ ಇನ್ನೊಬ್ಬಳನ್ನು ಕಲ್ಪಿಸಿದರೆ ಅದು ನ್ಯಾಯವಾದ ಕಲ್ಪನೆ, ನಾನು ತಲೆದೂಗುತ್ತೇನೆ. ಎಲ್ಲರಿಗೂ ಗೊತ್ತಿರುವ ಯುದ್ಧದ ಫಲಿತಾಂಶವನ್ನೇ ಗುಟ್ಟೆಂದು ಮುನ್ನೂರು ಪುಟ ಎಳೆದರೆ ಬೇಸರ.

ನಮ್ಮ ಊರಿನ ಮಟ್ಟಿಗೆ ಮೂರೂ ರಸ ಒಂದೇ ಕಡೆ ಸಿಗುವುದು ಕಾದಂಬರಿಯಲ್ಲಲ್ಲ, ಈಜಿಪ್ಟಿನ ಕಾಗದದಲ್ಲಿ. ಟ್ಯುನೀಸಿಯಾ ಮೂಲದ ಯೆಹೂದಿ ವ್ಯಾಪಾರಿ ಅಬ್ರಹಾಂ ಬೆನ್ ಯಿಜು ಹನ್ನೆರಡನೆಯ ಶತಮಾನದಲ್ಲಿ ಮಂಗಳೂರಿನಲ್ಲಿ ನೆಲೆಸಿ ಅಡಿಕೆ, ಒಳ್ಳೆಮೆಣಸು, ಏಲಕ್ಕಿ, ಕಬ್ಬಿಣವನ್ನು ಏಡನ್‌ಗೆ ಕಳಿಸುತ್ತಿದ್ದ. ಅವನ ಪತ್ರಗಳು ಕೈರೋದ ಹಳೆಯ ಯೆಹೂದಿ ಪ್ರಾರ್ಥನಾಮಂದಿರದ ಕಾಗದದ ರಾಶಿಯಲ್ಲಿ ಉಳಿದುಬಂದವು. ಅದರಲ್ಲೊಂದು, 1132ರ ಅಕ್ಟೋಬರ್ 17ರಂದು ಮಂಗಳೂರಿನಲ್ಲೇ ಬರೆದ ಬಿಡುಗಡೆ ಪತ್ರ. ಆಶು ಎಂಬ ದಾಸಿಯನ್ನು ಅವನು ಅದರಲ್ಲಿ ಬಂಧಮುಕ್ತಗೊಳಿಸಿದ್ದಾನೆ. ಅವಳೇ ಅವನ ಮಕ್ಕಳ ತಾಯಿ ಎಂದು ವಿದ್ವಾಂಸರು ತಿಳಿಯುತ್ತಾರೆ. ಬೊಮ್ಮ ಎಂಬ ಅವನ ಆಳು ಏಡನ್‌ಗೆ ಹಡಗಿನಲ್ಲಿ ಹೋಗಿ ವ್ಯವಹಾರ ನೋಡುತ್ತಿದ್ದ. 1149ರಲ್ಲಿ ಬೆನ್ ಯಿಜು ಮಕ್ಕಳೊಂದಿಗೆ ಏಡನ್‌ಗೆ ಹೊರಟುಹೋದ. ಆಶು ಜೊತೆಗಿದ್ದಳೇ ಎಂದು ಕೇಳಿದರೆ ಕಾಗದ ಬಾಯಿ ಬಿಡುವುದಿಲ್ಲ. ದಸ್ತಾವೇಜು ಬರೆಯುವವನಾಗಿ ಒಂದು ಮಾತು ಹೇಳುತ್ತೇನೆ: ಬಿಡುಗಡೆ ಪತ್ರದಲ್ಲಿ ಪ್ರೀತಿಯ ಮಾತು ಬರೆಯುವ ಕ್ರಮವಿಲ್ಲ, ಆದರೆ ಯಾರೂ ಕಾರಣವಿಲ್ಲದೆ ಪತ್ರ ಬರೆಸುವುದಿಲ್ಲ. ಯಾವ ಕಾದಂಬರಿ ಓದುವಾಗಲೂ ಈ ಪತ್ರವನ್ನು ಮನಸ್ಸಿನಲ್ಲಿಡಿ. ದಾಖಲೆ ಎಲ್ಲಿಗೆ ನಿಲ್ಲುತ್ತದೆ, ಲೇಖಕನ ಊಹೆ ಎಲ್ಲಿಂದ ಹೊರಡುತ್ತದೆ ಎಂದು ಗುರುತಿಸುವ ಅಭ್ಯಾಸ ಇದರಿಂದ ಆಗುತ್ತದೆ.

ಓದುವ ನಡುವೆ ಮೊಬೈಲು ತೆಗೆದು ಹುಡುಕಬೇಡಿ ಮಾರಾಯ್ರೆ. ಸಂಶಯ ಬಂದಲ್ಲಿ ಅಂಚಿನಲ್ಲಿ ಪ್ರಶ್ನಾರ್ಥಕ ಹಾಕಿ ಮುಂದೆ ಹೋಗಿ. ಹುಡುಕಾಟ ಪುಸ್ತಕ ಮುಗಿದ ಮೇಲೆ.

ಸಾಹಸಕ್ಕೆ ನನ್ನ ಪರೀಕ್ಷೆ ತೀರಾ ಸರಳ: ಯಾವ ತಿಂಗಳು? ಜೂನ್‌ನಲ್ಲಿ ನಾಯಕ ಮಂಗಳೂರಿನಿಂದ ಹಾಯಿಹಡಗು ಹತ್ತಿದರೆ ಪುಸ್ತಕ ಅಲ್ಲೇ ಮುಳುಗಿತು. ಇಂದಿಗೂ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆಯ ಯಂತ್ರದೋಣಿಗಳು ಕಡಲಿಗಿಳಿಯುವಂತಿಲ್ಲ. ಹಾಯಿಯ ಕಾಲದಲ್ಲಿ ಮಳೆಗಾಲವೆಂದರೆ ಅಳಿವೆಬಾಗಿಲು ಮುಚ್ಚಿದಂತೆ. ಅರಬಿನಾಡಿನ ಹಡಗುಗಳು ಪಡುಗಾಳಿಯ ಅಬ್ಬರ ತಗ್ಗುವ ಹೊತ್ತಿಗೆ ಬಂದು, ಚಳಿಗಾಲದ ಮೂಡುಗಾಳಿ ಹಿಡಿದು ಮರಳುತ್ತಿದ್ದವು. ಗಾಳಿಯ ಈ ಲೆಕ್ಕದ ಮೇಲೆ ಪ್ರೇಮವೂ ನಿಲ್ಲುತ್ತದೆ: ಡಿಸೆಂಬರಿನಲ್ಲಿ ಹೋದವನು ಫೆಬ್ರವರಿಯಲ್ಲಿ ತಿರುಗಿ ಬಂದು ಬಾಗಿಲು ತಟ್ಟಲಾರ. ಪೋರ್ಚುಗೀಸರು ಬಂದ ಮೇಲೆ ಗಾಳಿಯೊಂದೇ ಸಾಲದು, ಅವರ ಕರ್ತಾಜ್ ಎಂಬ ರಹದಾರಿಯೂ ಬೇಕು. ಅದಿಲ್ಲದ ಹಡಗನ್ನು ಅವರು ಹಿಡಿಯುತ್ತಿದ್ದರು. ಸುಳ್ಳು ರಹದಾರಿ ಬರೆಯುವ ಪಾತ್ರವೊಂದು ಬಂದರೆ, ವೃತ್ತಿಬಾಂಧವನೆಂದು ನನಗೆ ಅವನ ಮೇಲೆ ಸ್ವಲ್ಪ ಮಮತೆ.

ನೆಲದ ಮೇಲೂ ಅಷ್ಟೇ. ಮಂಗಳೂರು ಕೋಟೆಗೆ ಟಿಪ್ಪು ಹಾಕಿದ ಮುತ್ತಿಗೆ 1783ರ ಮೇ ತಿಂಗಳಲ್ಲಿ ಶುರುವಾಗಿ, ಒಳಗಿದ್ದ ಬ್ರಿಟಿಷ್ ಸೇನಾಧಿಕಾರಿ ಕ್ಯಾಂಪ್‌ಬೆಲ್ 1784ರ ಜನವರಿಯಲ್ಲಿ ಕೋಟೆ ಬಿಟ್ಟುಕೊಡುವವರೆಗೆ ನಡೆಯಿತು. ಇಡೀ ಮಳೆಗಾಲ ಅದರೊಳಗೆ ಬಂತು. ಆ ಮುತ್ತಿಗೆಯ ಕಥೆಯಲ್ಲಿ ಕೋವಿಮದ್ದು ಒದ್ದೆಯಾಗದಿದ್ದರೆ, ಕಂದಕದಲ್ಲಿ ಕೆಸರು ತುಂಬದಿದ್ದರೆ, ಜ್ವರ ಬಾರದಿದ್ದರೆ ಬರೆದವರು ನಮ್ಮ ಮಳೆ ನೋಡಿಲ್ಲ.

ಇದನ್ನು ಮೈಗೆ ತಂದುಕೊಳ್ಳಲು ಒಂದು ಸಂಜೆ ಬೋಳೂರಿನ ಸುಲ್ತಾನ್ ಬತ್ತೇರಿಗೆ ಹೋಗಿ. ಕಪ್ಪುಕಲ್ಲಿನ ಚಿಕ್ಕ ಕಾವಲು ಬುರುಜು. ಎದುರಿಗೆ ಇರುವುದು ಕಡಲಲ್ಲ, ಗುರುಪುರ ಹೊಳೆ. ಅದರಾಚೆ ತಣ್ಣೀರುಬಾವಿಯ ಮರಳ ಪಟ್ಟಿ, ಅದರಾಚೆ ಕಡಲು. ಹೊಳೆ ಕಡಲಿಗೆ ಸಮಾನಾಂತರವಾಗಿ ತೆಂಕಕ್ಕೆ ಹರಿದು ನೇತ್ರಾವತಿಯ ಜೊತೆ ಅಳಿವೆ ಸೇರುತ್ತದೆ. ಶತ್ರುವಿನ ದೋಣಿ ಒಳಗೆ ಬರಲು ದಾರಿ ಯಾವುದು, ಬಚ್ಚಿಟ್ಟುಕೊಳ್ಳಲು ಜಾಗ ಎಲ್ಲಿ ಎಂದು ಅಲ್ಲಿ ನಿಂತರೆ ನಾಲ್ಕು ಅಧ್ಯಾಯದಷ್ಟು ತಿಳಿಯುತ್ತದೆ. ಜೈನ ಅರಸರಾದ ಚೌಟರ ಕಥೆಯಾದರೆ ಮೂಡುಬಿದಿರೆಯ ಅರಮನೆಯ ಮರದ ಕೆತ್ತನೆ ನೋಡಿ ಬನ್ನಿ.

ಸಣ್ಣ ತಪ್ಪುಗಳನ್ನು ನಾನು ಕ್ಷಮಿಸುತ್ತೇನೆ. ಆಳುಪರ ಕಾಲದ ಊಟದಲ್ಲಿ ಕೆಂಪು ಮೆಣಸಿನ ಗಸಿ, ಅದು ಬಂದದ್ದು ಪೋರ್ಚುಗೀಸರ ಕಾಲದಲ್ಲಿ. ಟಿಪ್ಪುವಿನ ಕಾಲದ ಮನೆಗೆ ಮಂಗಳೂರು ಹಂಚು, ಬಾಸೆಲ್ ಮಿಶನ್ ಹಂಚಿನ ಕಾರ್ಖಾನೆ ಹಾಕಿದ್ದು 1860ರ ದಶಕದಲ್ಲಿ. ಮುಳಿಹುಲ್ಲು ಎಂದು ಮನಸ್ಸಿನಲ್ಲೇ ತಿದ್ದಿಕೊಂಡು ಮುಂದೆ ಹೋಗಬಹುದು. ಸೊತ್ತಿನ ಕಟ್ಟಳೆ ತಪ್ಪಿದರೆ ಹಾಗೆ ತಿದ್ದಲಾಗದು, ಕಥೆಯ ಗೋಡೆಯೇ ಬೀಳುತ್ತದೆ.

ಮುಗಿದ ಮೇಲೆ ಅಂಚಿನ ಪ್ರಶ್ನೆಗಳಿಗೆ ಉತ್ತರ ಹುಡುಕುವುದಾದರೆ, 1800ರ ಆಸುಪಾಸಿನ ಕಥೆಗೆ 1801ರಲ್ಲಿ ಇಲ್ಲಿ ತಿರುಗಾಡಿದ ಫ್ರಾನ್ಸಿಸ್ ಬುಕಾನನ್‌ನ ಪ್ರವಾಸ ವಿವರ ಒಳ್ಳೆಯ ಸಂಗಾತಿ. ಬೆಳೆ, ಬೆಲೆ, ಗೇಣಿ ಎಲ್ಲ ಕೇಳಿ ಬರೆದುಕೊಂಡಿದ್ದಾನೆ. ಹಳೆಯ ತುಳು ಮಾತುಗಳಿಗೆ ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದವರ ಆರು ಸಂಪುಟದ ತುಳು ನಿಘಂಟು ಸಾಕು.

ಹೊಸಬರಿಗೆ ಕೊನೆಗೊಂದು ಪ್ರಯೋಗ. ಒಂದೇ ಘಟನೆಯ ಮೇಲೆ ಎರಡು ಕಡೆಯಿಂದ ಬರೆದ ಎರಡು ಕಾದಂಬರಿ ಆರಿಸಿ, ಬೆನ್ನುಬೆನ್ನಿಗೆ ಓದಿ. 1784ರಲ್ಲಿ ಕರಾವಳಿಯ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದದ್ದು ಆಗಬಹುದು. ಸುಳ್ಯದ ಕಡೆಯಿಂದ ಬಂದ ರೈತರು 1837ರ ಏಪ್ರಿಲ್‌ನಲ್ಲಿ ಮಂಗಳೂರನ್ನು ಸುಮಾರು ಎರಡು ವಾರ ಹಿಡಿದಿಟ್ಟುಕೊಂಡದ್ದೂ ಆಗಬಹುದು. ಮೊದಲ ಪುಸ್ತಕದಲ್ಲಿ ನಾಯಕನಾದವನು ಎರಡನೆಯದರಲ್ಲಿ ಎಷ್ಟನೆಯ ಪುಟದಲ್ಲಿ, ಯಾರ ಬಾಯಲ್ಲಿ, ಎಂತ ಬೈಗುಳದೊಂದಿಗೆ ಬರುತ್ತಾನೆ ಎಂದು ಗುರುತು ಹಾಕಿಕೊಳ್ಳಿ. ಬಾರದೇ ಹೋದರೆ ಅದನ್ನೂ ಬರೆದಿಡಿ.