ರೀಲೋಡ್ ಮಾಡಿದ ಗುಂಡಿಗೆ ಬೋಲ್ಟ್ ಬಿಗಿ: ಡೈ ಸೆಟ್ಟಿಂಗ್‌ನಲ್ಲಿತ್ತು ತೊಂದರೆ

ಕೊಲರಾಡೋದಲ್ಲಿ ಎಲ್ಕ್ (ದೊಡ್ಡ ಜಿಂಕೆ) ಬೇಟೆಗೆ ನನ್ನ .30-06 ರೈಫಲ್ ಗುಂಡುಗಳನ್ನು ಮನೆಯಲ್ಲೇ ರೀಲೋಡ್ ಮಾಡುತ್ತೇನೆ, ಅಂದ್ರೆ ಹಾರಿಸಿದ ಗುಂಡಿನ ಖಾಲಿ ಕೇಸನ್ನು ಮತ್ತೆ ತುಂಬುತ್ತೇನೆ. ಮೂರು ಸಲ ಹಾರಿಸಿದ ಕೇಸ್ ಮತ್ತೆ ತುಂಬಿದರೆ, ರೈಫಲ್ ಮುಚ್ಚುವ ಬೋಲ್ಟ್‌ನ ಹಿಡಿ ಕೊನೆಯಲ್ಲಿ ಗಟ್ಟಿಯಾಗಿ ನಿಲ್ಲುತ್ತಿತ್ತು. ಫ್ಯಾಕ್ಟರಿ ಗುಂಡಿಗೆ ಹೀಗಾಗುತ್ತಿರಲಿಲ್ಲ.

ಗುಂಡು ಕೂರುವ ಚೇಂಬರ್ ತಿಕ್ಕಿದೆ, ಕೇಸನ್ನು 2.484 ಇಂಚಿಗೆ ಕತ್ತರಿಸಿದೆ, ಕೇಸನ್ನು ಒತ್ತಿ ಅಳತೆಗೆ ತರುವ, ಅಂದ್ರೆ ಸೈಜ್ ಮಾಡುವ ಡೈ ಪೂರ್ತಿ ಬಿಚ್ಚಿ ತೊಳೆದೆ. ಏನೂ ಆಗಲಿಲ್ಲ. ಪೌಡರ್, ಪ್ರೈಮರ್ (ಪೌಡರ್‌ಗೆ ಕಿಡಿ ಹಚ್ಚುವ ಪುಟ್ಟ ಬಟ್ಟಲು), ಬುಲೆಟ್ ಏನೂ ಇಲ್ಲದ ಖಾಲಿ ಕೇಸ್ ಹಾಕಿದರೂ ಬಿಗಿ. ಅಂದ್ರೆ ತೊಂದರೆ ಕೇಸಿನ ಭುಜದಲ್ಲಿ, ಹೊಟ್ಟೆ ಕಿರಿದಾಗಿ ಕುತ್ತಿಗೆ ಸೇರುವ ಇಳಿಜಾರಿನಲ್ಲಿ. ಇಡೀ ಕೇಸನ್ನು ಒತ್ತುವ ಫುಲ್ ಲೆಂತ್ ಡೈ ಸಾಕಷ್ಟು ಕೆಳಗಿಳಿಯದಿದ್ದರೆ ಕೇಸಿನ ಹೊಟ್ಟೆ ಮಾತ್ರ ಒತ್ತಿಕೊಂಡು ಭುಜ ಮುಂದಕ್ಕೆ ಹೋಗುತ್ತದೆ, ಸೈಜ್ ಮಾಡಿದ ಮೇಲೆ ಮೊದಲಿಗಿಂತ ಉದ್ದ!

ಮೊದಲು, ಹಾರಿಸಿ ಪ್ರೈಮರ್ ತೆಗೆದ, ಇನ್ನೂ ಸೈಜ್ ಮಾಡದ ಕೇಸನ್ನು ಕಂಪ್ಯಾರೇಟರ್ (ಭುಜದವರೆಗಿನ ಉದ್ದ ಸಿಗುವಂತೆ ಮಾಡುವ ತುಂಡು) ಹಾಕಿದ ಕ್ಯಾಲಿಪರ್‌ನಲ್ಲಿ ಅಳೆಯಿರಿ. ಕೇಸ್ ಡೈಯಲ್ಲಿ ಜಾರಲು ಲ್ಯೂಬ್ ತೆಳ್ಳಗೆ ಹಚ್ಚಿ, ಭುಜಕ್ಕೆ ಬೇಡ, ತಗ್ಗು ಬೀಳುತ್ತದೆ. ಡೈಯನ್ನು ಗಡಿಯಾರದ ದೊಡ್ಡ ಮುಳ್ಳು ಎರಡು ನಿಮಿಷ ಸರಿದಷ್ಟೇ ತಿರುಗಿಸಿ ಇಳಿಸಿ, ಸೈಜ್ ಮಾಡಿ, ಮತ್ತೆ ಅಳೆಯಿರಿ. ಮೊದಲ ಅಳತೆಗಿಂತ 0.002 ಇಂಚು ಕಮ್ಮಿ ಬಂದಾಗ ನಿಲ್ಲಿಸಿ, ಕೇಸ್ ಡೈ ಒಳಗಿರುವಾಗಲೇ, ಡೈ ಅಲುಗದಂತೆ ಹಿಡಿಯುವ ಲಾಕ್ ರಿಂಗ್ ಬಿಗಿ ಮಾಡಿ. ಇನ್ನೂ ಜಾಸ್ತಿ ಇಳಿಸಬೇಡಿ, ನಾಲ್ಕಾರು ಸಲ ಹಾರಿಸುವಷ್ಟರಲ್ಲಿ ಕೇಸ್ ಬುಡದ ಹತ್ತಿರ ಸೀಳಬಹುದು.

ಬೋಲ್ಟ್‌ನಿಂದ ಫೈರಿಂಗ್ ಪಿನ್, ಕೇಸನ್ನು ಹೊರದಬ್ಬುವ ಇಜೆಕ್ಟರ್ ಎರಡನ್ನೂ ತೆಗೆದು ಖಾಲಿ ಕೇಸಿನಲ್ಲಿ ಪರೀಕ್ಷಿಸಿದೆ. ಈಗ ಹಿಡಿ ತನ್ನ ಭಾರಕ್ಕೇ ಕೆಳಗೆ ಬೀಳುತ್ತದೆ.